ಹಿಂದಿನ ಬಾಕಿ



‘ನಾನೇನು ನಿಮ್ಮನೆ ಜೀತದಾಳಾ?’ ನಮ್ಮ ರಾಮನಾಥಪುರದ ಕಡೆ ಗಂಡ ಹೆಂಡತಿ ಜಗಳದಲ್ಲಿ, ಅಣ್ಣತಮ್ಮಂದಿರ ಮುನಿಸಿನಲ್ಲಿ ಈ ಮಾತು ಸಲೀಸಾಗಿ ಬಂದುಬಿಡುತ್ತದೆ. ಜೀತ ಹೇಗಿತ್ತು ಅನ್ನುವುದು ಆಡಿದವರಿಗೆ ಗೊತ್ತಿರಬೇಕೆಂದೇನಿಲ್ಲ. ಅಟ್ಟದ ಮೇಲಿನ ಟ್ರಂಕಿನಲ್ಲಿ ತಾತನ ಲೆಕ್ಕದ ಪುಸ್ತಕ ಸಿಗುವ ತನಕ ನನಗೂ ಗೊತ್ತಿರಲಿಲ್ಲ.

ಕೆಂಪು ಬಟ್ಟೆಯ ರಟ್ಟು ಹಾಕಿದ ಉದ್ದನೆಯ ಪುಸ್ತಕ. ರಾಗಿ, ಭತ್ತ, ಹೊಗೆಸೊಪ್ಪಿನ ಲೆಕ್ಕದ ನಡುವೆ ಒಬ್ಬ ಆಳಿಗೆಂದೇ ಒಂದಷ್ಟು ಹಾಳೆ. ಅವನ ಹೆಸರು ಹೇಳುವುದಿಲ್ಲ. ಮೊಮ್ಮಕ್ಕಳು ಊರಲ್ಲೇ ಇದ್ದಾರೆ. ಮೇಲುಗಡೆ ‘ಜೀತ ಬಾಬ್ತು’ ಎಂದಿದೆ. ಮೊದಲ ಸಾಲು, ಅವನ ಅಪ್ಪ ಮದುವೆ ಖರ್ಚಿಗೆ ಪಡೆದ ಮುನ್ನೂರು ರೂಪಾಯಿ. ಅಲ್ಲಿಂದ ಯುಗಾದಿಯಿಂದ ಯುಗಾದಿಗೆ ಲೆಕ್ಕ. ಒಂದು ಕಂಬಳಿ, ಒಂದು ಜೊತೆ ಎಕ್ಕಡ, ಜ್ವರ ಬಂದಾಗ ಹಾಕಿಸಿದ ಇಂಜೆಕ್ಷನ್ನು, ಎಲ್ಲವೂ ಸಾಲದ ಕಡೆಗೇ. ಕೆಲಸಕ್ಕೆ ಬಾರದ ದಿನ ‘ನಾಗಾ’ ಎಂದು ಒಂದು ಗೀಟು, ಅದಕ್ಕೂ ಕಾಸಿನ ಮುರಿತ. ವರ್ಷವೆಲ್ಲ ದುಡಿದದ್ದು ಬಡ್ಡಿಗೆ ಸರಿಹೋಯಿತು ಎಂದು ತಾತ ದುಂಡಗಿನ ಅಕ್ಷರದಲ್ಲಿ ಬರೆದಿದ್ದಾರೆ. ಅಸಲು ಒಂದು ಕಾಸೂ ಇಳಿದಿಲ್ಲ, ಏರಿದೆ.

ಈ ‘ಜೀತ’ ಅನ್ನುವ ಪದದ ಕಥೆಯೇ ಬೇರೆ. ‘ಜೀವಿತ’ ಸವೆದು ‘ಜೀತ’ ಆದದ್ದು. ಹಳಗನ್ನಡದಲ್ಲಿ ಅದರರ್ಥ ಸಂಬಳ, ಜೀವನಾಧಾರ. ವೀರರೂ ಅರಸನಿಂದ ಜೀವಿತ ಪಡೆಯುತ್ತಿದ್ದರು. ಸಂಬಳವೇ ಸಂಕೋಲೆಯಾದದ್ದು ಆಮೇಲೆ. ‘ಬಿಟ್ಟಿ’ ಹಾಗಲ್ಲ, ಅದು ಮೊದಲಿನಿಂದಲೂ ಬಿಟ್ಟಿಯೇ. ಸಂಸ್ಕೃತದ ‘ವಿಷ್ಟಿ’, ಅಂದರೆ ಕೂಲಿ ಕೊಡದೆ ಮಾಡಿಸಿಕೊಳ್ಳುವ ಕೆಲಸ. ಹೊಯ್ಸಳರ ಕಾಲದ ಶಾಸನಗಳಲ್ಲಿ ತೆರಿಗೆಗಳ ಸಾಲಿನಲ್ಲೇ ಅದೂ ಕೂತಿದೆ. ಬೇಲೂರಿನ ಬಿಟ್ಟಿದೇವನಿಗೂ ಈ ಬಿಟ್ಟಿಗೂ ನಂಟಿಲ್ಲ, ಗಾಬರಿಯಾಗಬೇಡಿ.

ಬಿ.ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಮಲೆನಾಡಿನ ಹೊಲೆಯರ ಬಗ್ಗೆ ಎರಡು ಮಾತು ದಾಖಲಿಸಿದ್ದಾರೆ: ಹುಟ್ಟಾಳು ಮತ್ತು ಮಣ್ಣಾಳು. ಹುಟ್ಟಾಳು ಒಡೆಯನ ಮನೆಯಲ್ಲೇ ಹುಟ್ಟಿ ಆ ಮನೆತನಕ್ಕೇ ಸೇರಿದವನು. ಮಣ್ಣಾಳು ಜಮೀನಿನ ಜೊತೆ ಕೈಬದಲಾಗುವವನು. ಗದ್ದೆ ಮಾರಿದರೆ ಅವನೂ ಮಾರಾಟವಾದ ಹಾಗೆ. ಕ್ರಯಪತ್ರದಲ್ಲಿ ಬಾವಿ, ಮರ, ಕಣದ ಜೊತೆ ಒಂದು ಸಂಸಾರ!

1843ರಲ್ಲಿ ಕಂಪನಿ ಸರ್ಕಾರ ಒಂದು ಕಾಯ್ದೆ ಮಾಡಿ, ಗುಲಾಮನ ಮೇಲಿನ ಹಕ್ಕನ್ನು ಕೋರ್ಟು ಮಾನ್ಯ ಮಾಡುವುದಿಲ್ಲ ಎಂದಿತು. 1862ರಲ್ಲಿ ಜಾರಿಗೆ ಬಂದ ದಂಡ ಸಂಹಿತೆ ಮನುಷ್ಯರನ್ನು ಗುಲಾಮರಾಗಿ ಕೊಳ್ಳುವುದು, ಮಾರುವುದು ಅಪರಾಧ ಎಂದಿತು. ಆದರೆ ಇವೆರಡರ ನಡುವೆ, 1859ರಲ್ಲಿ, ಬ್ರಿಟಿಷ್ ಸರ್ಕಾರ ಇನ್ನೊಂದು ಕಾಯ್ದೆ ತಂದಿತ್ತು. ಮುಂಗಡ ಪಡೆದು ಕೆಲಸ ಬಿಟ್ಟು ಹೋದ ಕೂಲಿಯವನನ್ನು ಜೈಲಿಗೆ ಕಳಿಸುವ ಕಾಯ್ದೆ. ಕಾಫಿ ತೋಟದ ದೊರೆಗಳಿಗೆ ಅದಕ್ಕಿಂತ ಅನುಕೂಲ ಇನ್ನೇನು ಬೇಕು? ಮನುಷ್ಯನನ್ನು ಕೊಂಡರೆ ತಪ್ಪು, ಮುಂಗಡ ಕೊಟ್ಟು ಹಿಡಿದಿಟ್ಟುಕೊಂಡರೆ ಪೊಲೀಸರ ಸಹಾಯ. ನನ್ನ ಕೇಳಿದರೆ, ತಾತನ ಪುಸ್ತಕದ ಮೊದಲ ಸಾಲು ಹುಟ್ಟಿದ್ದು ಅಲ್ಲೇ.

ಅದೇ ಹೊತ್ತಿಗೆ ಅಮೆರಿಕದಲ್ಲಿ ಉತ್ತರಕ್ಕೂ ದಕ್ಷಿಣಕ್ಕೂ ಯುದ್ಧ. ಅದರ ಬಿಸಿ ಕನ್ನಡ ನಾಡಿಗೂ ತಟ್ಟಿತು. ಗುಲಾಮರು ಬೆಳೆಯುತ್ತಿದ್ದ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಹೋಗುವುದು ನಿಂತಿತು, ಧಾರವಾಡದ ಹತ್ತಿಗೆ ಬಂಗಾರದ ಬೆಲೆ ಬಂತು. 1863ರ ಜನವರಿ 1ರಂದು ಅಬ್ರಹಾಂ ಲಿಂಕನ್ ವಿಮೋಚನಾ ಘೋಷಣೆಗೆ ಸಹಿ ಹಾಕಿದರು. ಅದನ್ನು ಧರ್ಮದ ಮಾತಾಗಿ ಅಲ್ಲ, ಸೇನೆಯ ಮಹಾದಂಡನಾಯಕನ ಯುದ್ಧಕ್ರಮವಾಗಿ ಹೊರಡಿಸಿದರು. ದಂಗೆಯೆದ್ದ ರಾಜ್ಯಗಳ ಗುಲಾಮರಿಗಷ್ಟೇ ಅದು ಅನ್ವಯ. ತಮ್ಮ ಕಡೆಗೇ ಉಳಿದ ಗಡಿರಾಜ್ಯಗಳ ಗುಲಾಮರನ್ನು ಮುಟ್ಟಲಿಲ್ಲ. ವಿಚಾರಣೆಯಿಲ್ಲದೆ ಜನರನ್ನು ಬಂಧನದಲ್ಲಿಡಲು ಹೇಬಿಯಸ್ ಕಾರ್ಪಸ್ ಹಕ್ಕನ್ನು ಅಮಾನತು ಮಾಡಿದ್ದೂ ಇದೇ ಲಿಂಕನ್. ಸಂವಿಧಾನದ 13ನೇ ತಿದ್ದುಪಡಿ ಊರ್ಜಿತವಾದದ್ದು 1865ರ ಡಿಸೆಂಬರಿನಲ್ಲಿ. ಅಷ್ಟರಲ್ಲಿ ಅವರು ಕೊಲೆಯಾಗಿ ಎಂಟು ತಿಂಗಳಾಗಿತ್ತು. ಸುಮಾರು 40 ಲಕ್ಷ ಜನ ಬಿಡುಗಡೆಯಾದರು. ಜಮೀನು ಮಾತ್ರ ಸಿಗಲಿಲ್ಲ. ಹಳೆಯ ಒಡೆಯನ ಹೊಲದಲ್ಲೇ ಪಾಲಿಗೆ ದುಡಿದು, ಅಂಗಡಿಯವನ ಸಾಲದ ಪುಸ್ತಕದಲ್ಲಿ ಹೆಸರು ಬರೆಸಿಕೊಂಡರು. ಆ ಪುಸ್ತಕಕ್ಕೂ ಕೆಂಪು ರಟ್ಟೇ ಇತ್ತೇನೋ.

ಈಗ ನಮ್ಮ ದೇಶಕ್ಕೆ ಬರೋಣ. ಬಲವಂತದ ದುಡಿಮೆ ಕೂಡದು ಎಂದು ಸಂವಿಧಾನದ 23ನೇ ವಿಧಿ 1950ರಲ್ಲೇ ಹೇಳಿತು. ಅದನ್ನು ಜಾರಿಗೆ ತರುವ ಕೇಂದ್ರದ ಕಾಯ್ದೆಗೆ ಇಪ್ಪತ್ತೈದು ವರ್ಷ ಹಿಡಿಯಿತು. 1975ರಲ್ಲಿ ಲಿಂಕನ್ ಕಾಲದಂಥ ಯುದ್ಧವಿರಲಿಲ್ಲ, 1971ರ ಯುದ್ಧ ಗೆದ್ದ ಇಂದಿರಾ ಗಾಂಧಿ ಇದ್ದರು, ತುರ್ತು ಪರಿಸ್ಥಿತಿ ಇತ್ತು. ಪಂಚಾಂಗದಲ್ಲಿ ಅದು ರಾಕ್ಷಸ ಸಂವತ್ಸರ, ಹೆಸರಿಟ್ಟವರು ಯಾರೋ! ಜುಲೈನಲ್ಲಿ ಇಪ್ಪತ್ತು ಅಂಶಗಳ ಕಾರ್ಯಕ್ರಮ ಬಂತು, ಜೀತ ನಿರ್ಮೂಲನೆ ಅದರಲ್ಲೊಂದು. ಅಕ್ಟೋಬರ್ 25ರಿಂದ ಸುಗ್ರೀವಾಜ್ಞೆ ಜಾರಿಯಾಯಿತು, ಮರುವರ್ಷ ಅದೇ ಕಾಯ್ದೆಯಾಯಿತು. ಜೀತದಾಳು ಆ ಕ್ಷಣದಿಂದ ಸ್ವತಂತ್ರ, ಅವನ ಸಾಲ ರದ್ದು, ಗುಡಿಸಲಿನಿಂದ ಎಬ್ಬಿಸುವಂತಿಲ್ಲ. ಜೀತದ ಸಾಲವಲ್ಲ ಎಂದು ರುಜುವಾತು ಮಾಡುವ ಹೊಣೆ ಸಾಲ ಕೊಟ್ಟವನದೇ. ದುಡಿಸಿಕೊಂಡವನಿಗೆ ಮೂರು ವರ್ಷದವರೆಗೆ ಜೈಲು, ಎರಡು ಸಾವಿರ ರೂಪಾಯಿವರೆಗೆ ದಂಡ. ಆಗ ನಮ್ಮ ಹೊಳೆನರಸೀಪುರದ ಶಾಸಕರೂ ವಿರೋಧ ಪಕ್ಷದ ನಾಯಕರೂ ಆಗಿದ್ದ ಎಚ್.ಡಿ. ದೇವೇಗೌಡರು ಅದೇ ತುರ್ತು ಪರಿಸ್ಥಿತಿಯಲ್ಲಿ ಜೈಲು ಸೇರಿದರು. ಒಂದೇ ಕೈ ಒಬ್ಬರನ್ನು ಕೂಡಿಹಾಕಿ ಇನ್ನೊಬ್ಬನನ್ನು ಬಿಡಿಸಿತು. ಇದನ್ನು ಹೇಗೆ ತೂಗುವುದು ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಕೊಟ್ಟಿಗೆಯಲ್ಲಿ ಮಲಗಿದ್ದವನಿಗೆ ಸುಗ್ರೀವಾಜ್ಞೆಯ ತೂಕವೇ ಹೆಚ್ಚು ಅನ್ನಿಸಿದ್ದರೆ ಅವನದು ತಪ್ಪೆನ್ನಲು ನನಗೆ ಬಾಯಿಲ್ಲ.

ಶಿವರಾಮ ಕಾರಂತರ ಕಾದಂಬರಿ ‘ಚೋಮನ ದುಡಿ’ ಸಿನಿಮಾ ಆದದ್ದೂ ಅದೇ 1975ರಲ್ಲಿ. ಅದರ ಜೀತದಾಳು ಚೋಮನಿಗೆ ಬೇಕಾಗಿದ್ದದ್ದು ಬೇಸಾಯಕ್ಕೊಂದು ತುಂಡು ನೆಲ. ದೇವರಾಜ ಅರಸರ ಭೂಸುಧಾರಣೆ 1974ರಲ್ಲೇ ಬಂದಿತ್ತು. ಗೇಣಿದಾರರು ಡಿಕ್ಲರೇಷನ್ ಹಾಕಿ ಹೊಲದೊಡೆಯರಾದರು. ನಿಜಕ್ಕೂ ದೊಡ್ಡ ಕೆಲಸ. ಆದರೆ ಮೇಣಿ ಹಿಡಿದ ಜೀತದಾಳು ಗೇಣಿದಾರನಲ್ಲವಲ್ಲ! ಪಹಣಿಯಲ್ಲಿ ಅವನ ಹೆಸರೇ ಇಲ್ಲ. ಉಳುವವನೇ ಹೊಲದೊಡೆಯ ಅಂದರು, ಉಳುತ್ತಿದ್ದವನು ಬದುವಿನ ಮೇಲೆ ನಿಂತು ಕೇಳಿಸಿಕೊಂಡ.

ಕರ್ನಾಟಕದಲ್ಲಿ ಸರ್ಕಾರ ಗುರುತಿಸಿ ಬಿಡಿಸಿದ ಜೀತದಾಳುಗಳು 63 ಸಾವಿರಕ್ಕೂ ಹೆಚ್ಚು. 1978ರ ಪುನರ್ವಸತಿ ಯೋಜನೆಯಲ್ಲಿ ತಲಾ 4,000 ರೂಪಾಯಿ, 2016ರಿಂದ ಗಂಡಾಳಿಗೆ ಒಂದು ಲಕ್ಷ. ಹಾಗಾದರೆ ಮುಗಿದ ಕಥೆಯೇ? 2018ರ ಡಿಸೆಂಬರಿನಲ್ಲಿ ನಮ್ಮ ಜಿಲ್ಲೆಯಲ್ಲೇ, ಅರಸೀಕೆರೆ ಕಡೆ, ಒಂದು ಶೆಡ್ಡಿನಿಂದ 52 ಜನರನ್ನು ಪೊಲೀಸರು ಬಿಡಿಸಿದರು. ಒಬ್ಬ ಗೋಡೆ ಹಾರಿ ಬಂದು ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

ತಾತನ ಪುಸ್ತಕ ಇನ್ನೂ ನನ್ನ ಮೇಜಿನ ಮೇಲಿದೆ. ತಾತ ತಿಳಿಯದವರಲ್ಲ, ಸಂಜೆ ಜಗಲಿಯಲ್ಲಿ ರೇಡಿಯೋ ಹಾಕಿಕೊಂಡು ವಾರ್ತೆ ಕೇಳುತ್ತಿದ್ದರು, ಜೀತ ರದ್ದಾದ ಸುದ್ದಿಯನ್ನೂ ಕೇಳಿಯೇ ಇರಬೇಕು. 1976ರ ಯುಗಾದಿಗೆ, ನಳ ಸಂವತ್ಸರಕ್ಕೆ, ಹೊಸ ಹಾಳೆ ತೆಗೆದಿದ್ದಾರೆ. ಅದೇ ಆಳು, ಅದೇ ದುಂಡಗಿನ ಅಕ್ಷರ. ಮೇಲುಗಡೆ ‘ಜೀತ’ ಎಂದು ಬರೆಯಹೋಗಿ ‘ಜೀ’ ಹೊಡೆದುಹಾಕಿ ‘ಕೂಲಿ ಬಾಬ್ತು’ ಎಂದು ಮಾಡಿದ್ದಾರೆ. ಅದರ ಕೆಳಗಿನ ಮೊದಲ ಸಾಲು: ಹಿಂದಿನ ಬಾಕಿ, ನಾನೂರ ಹತ್ತು ರೂಪಾಯಿ.