ರಟ್ಟು ಬಿಡಿ, ಬೆನ್ನು ನೋಡಿ

ಒಂದೇ ಕಾದಂಬರಿಗೆ ಎರಡು ಬೆಲೆ ಇರುವುದನ್ನು ನೀವು ಪುಸ್ತಕದಂಗಡಿಯಲ್ಲಿ ಕಂಡಿರುತ್ತೀರಿ: ಸಾದಾ ಪ್ರತಿಗೊಂದು, ಗಟ್ಟಿ ರಟ್ಟಿನ ಪ್ರತಿಗೊಂದು. ರಟ್ಟಿನದು ಹೆಚ್ಚು ಕಾಲ ಬಾಳುತ್ತದೆಂದು ನಂಬಿ ನಾವು ಹೆಚ್ಚಿನ ದುಡ್ಡು ಕೊಡುತ್ತೇವೆ. ಆ ನಂಬಿಕೆ ಈಗ ಅರ್ಧ ಮಾತ್ರ ನಿಜ. ಬಾಳಿಕೆ ಇರುವುದು ಬೆನ್ನಿನಲ್ಲಿ ಹಾಳೆಗಳನ್ನು ಹೇಗೆ ಜೋಡಿಸಿದ್ದಾರೆ ಎಂಬುದರಲ್ಲಿ.

ಅಚ್ಚಾದ ದೊಡ್ಡ ಹಾಳೆಯನ್ನು ಮಡಚಿದರೆ ಒಂದು ಫಾರಂ, ಸಾಮಾನ್ಯವಾಗಿ 16 ಪುಟ. ಪ್ರತಿ ಫಾರಮ್ಮಿನ ಮಡಿಕೆಯೊಳಗೆ ದಾರ ಹಾಯಿಸಿ ಒಂದಕ್ಕೊಂದು ಹೆಣೆಯುವುದು ಹಳೆಯ ಪದ್ಧತಿ. ಹೀಗೆ ಹೊಲಿದ ಪುಸ್ತಕದಿಂದ ಒಂದು ಹಾಳೆ ಕಳಚಬೇಕಾದರೆ ಕಾಗದವೇ ಹರಿಯಬೇಕು, ಇಲ್ಲವೇ ದಾರ ತುಂಡಾಗಬೇಕು.

ಇಂದಿನ ಬಹುಪಾಲು ಪೇಪರ್‌ಬ್ಯಾಕ್‌ಗಳಲ್ಲಿ ದಾರವಿಲ್ಲ. ಯಂತ್ರ ಆ ಮಡಿಕೆಗಳನ್ನೇ ಕೆತ್ತಿ ತೆಗೆದು, ಬಿಡಿಬಿಡಿಯಾದ ಹಾಳೆಗಳ ಅಂಚಿಗೆ ಬಿಸಿ ಅಂಟು ಬಳಿದು ಹೊದಿಕೆ ಒತ್ತುತ್ತದೆ. ಇದಕ್ಕೆ ಪರ್ಫೆಕ್ಟ್ ಬೈಂಡಿಂಗ್ ಎಂದು ಹೆಸರು! ಸಾಮಾನ್ಯವಾಗಿ ಬಳಸುವ ಇವಿಎ ಅಂಟು ವರ್ಷಗಳು ಕಳೆದಂತೆ ಪೆಡಸಾಗುತ್ತದೆ. ಆಮೇಲೆ ಪುಸ್ತಕವನ್ನು ಅಗಲಿಸಿ ಮೇಜಿನ ಮೇಲಿಟ್ಟರೆ ಬೆನ್ನು ಬಿರಿದು, ಹಾಳೆಗಳು ಕಂತೆಕಂತೆಯಾಗಿ ಕೈಗೆ ಬರುತ್ತವೆ. ಪಿಯುಆರ್ ಎಂಬ ಇನ್ನೊಂದು ಅಂಟು ಗಾಳಿಯ ತೇವವನ್ನು ಹೀರಿ ಗಟ್ಟಿಯಾಗುತ್ತದೆ. ತೆಳ್ಳಗೆ ಬಳಿದರೂ ಬಿಗಿಯಾಗಿ ಹಿಡಿಯುತ್ತದೆ, ಬಾಗುತ್ತದೆ. ದುಬಾರಿ ಅಷ್ಟೇ.

ಗಟ್ಟಿ ರಟ್ಟಿನ ಪುಸ್ತಕಗಳಲ್ಲೂ ಈಗ ಹಲವು ಒಳಗೆ ಬರೀ ಅಂಟಿನವೇ. ಬೆನ್ನಿನ ತುದಿಯಲ್ಲಿ ಕಾಣುವ ಬಣ್ಣದ ದಾರದ ಪಟ್ಟಿ ನೋಡಿ ಹೊಲಿಗೆಯೆಂದು ಭ್ರಮಿಸಬೇಡಿ. ಒಂದು ಕಾಲದಲ್ಲಿ ಅದನ್ನು ಕೈಯಲ್ಲಿ ಹೊಲಿಯುತ್ತಿದ್ದರು. ಈಗ ಮೀಟರುಗಟ್ಟಲೆ ನೇಯ್ದದ್ದನ್ನು ಕತ್ತರಿಸಿ ಅಂಟಿಸುತ್ತಾರೆ. ಶುದ್ಧ ಅಲಂಕಾರ.

ಹಾಗಾದರೆ ಹೊಲಿಗೆ ಇದೆಯೇ ಎಂದು ತಿಳಿಯುವುದು ಹೇಗೆ? ಪುಸ್ತಕವನ್ನು ಮೇಲಿನಿಂದ ನೋಡಿ. ಬೆನ್ನಿನ ಬಳಿ ಹಾಳೆಗಳು ಸಣ್ಣ ಸಣ್ಣ ಮಡಿಕೆಗಳ ಗುಂಪಾಗಿ ಕಂಡರೆ ಫಾರಂಗಳು ಉಳಿದಿವೆ ಎಂದರ್ಥ. ಅಂಥ ಒಂದು ಗುಂಪಿನ ನಡುಪುಟ ಬಿಡಿಸಿ. ಹೊಲಿದದ್ದಾದರೆ ದಾರ ಕಣ್ಣಿಗೆ ಬೀಳುತ್ತದೆ. ನನ್ನನ್ನು ಕೇಳಿದರೆ, ಹೊಲಿಗೆ ಹಾಕಿದ ಸಾದಾ ಪ್ರತಿ ಅಂಟಿನ ರಟ್ಟುಪ್ರತಿಗಿಂತ ಎಷ್ಟೋ ಮೇಲು. ಮುಂದೆ ಬೇಕೆಂದರೆ ಅದಕ್ಕೆ ರಟ್ಟು ಹಾಕಿಸಬಹುದು. ಆದರೆ ಬೈಂಡರಿಗೆ ಮೊದಲೇ ಹೇಳಿ: ಮೂಲ ಹೊಲಿಗೆಯನ್ನು ಹಾಗೇ ಉಳಿಸಲಿ. ಬದಿಯಿಂದ ತೂತು ಕೊರೆದು ಅಡ್ಡ ಹೊಲಿದರೆ ಹಾಳೆ ಉದುರುವುದಿಲ್ಲ ನಿಜ, ಸಾಲಿನ ತುದಿಯ ಅಕ್ಷರಗಳು ಮಾತ್ರ ಬೆನ್ನಿನ ಸಂದಿಗೆ ಸೇರಿಬಿಡುತ್ತವೆ.

ರಟ್ಟಿಗೂ ಒಂದು ದೌರ್ಬಲ್ಯವಿದೆ. ಅದು ಪುಟಗಳಿಗಿಂತ ಕೆಲವು ಮಿಲಿಮೀಟರ್ ಹೊರಚಾಚಿರುವುದರಿಂದ, ನಿಲ್ಲಿಸಿಟ್ಟಾಗ ಒಳಗಿನ ಪುಟಗಳ ಭಾರವೆಲ್ಲ ಜೋತುಬೀಳುತ್ತದೆ. ದಪ್ಪ ನಿಘಂಟುಗಳು ಮುಂದಕ್ಕೆ ಜಗ್ಗಿ ಕೀಲು ಸಡಿಲವಾಗುವುದು ಹೀಗೆ. ಅವನ್ನು ಕಪಾಟಿನಲ್ಲಿ ಮಲಗಿಸಿಡಿ.