ಚೀನೀ ಭಾಷೆ: ಕಲಿಕೆ ಮತ್ತು ಪರೀಕ್ಷೆ



ಹೊರದೇಶದ ಭಾಷೆಯೊಂದನ್ನು ಕಲಿಯಲು ಹೊರಟವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಎರಡು. ಎಷ್ಟು ದಿನ ಬೇಕು ಎಂಬುದು ಒಂದು. ಯಾವ ಪರೀಕ್ಷೆ ಬರೆದರೆ ಸರ್ಟಿಫಿಕೇಟು ಸಿಗುತ್ತದೆ ಎಂಬುದು ಇನ್ನೊಂದು. ಚೀನೀ ಭಾಷೆಯ ವಿಷಯದಲ್ಲಿ ಎರಡನೆಯ ಪ್ರಶ್ನೆಗೆ ಉತ್ತರ ಸುಲಭ. ಆ ಪರೀಕ್ಷೆಯ ಹೆಸರು 'ಹಾನ್‌ಯು ಷುಯ್‌ಫಿಂಗ್ ಖಾವೊಷಿ'. ಸಂಕ್ಷೇಪವಾಗಿ ಎಚ್.ಎಸ್.ಕೆ. ಎನ್ನುತ್ತಾರೆ. ಹಾನ್‌ಯು ಎಂದರೆ ಚೀನೀ ಭಾಷೆ, ಖಾವೊಷಿ ಎಂದರೆ ಪರೀಕ್ಷೆ. ನಡುವಿನ ಪದ ಸ್ವಾರಸ್ಯವಾದದ್ದು. 'ಷುಯ್' ಎಂದರೆ ನೀರು, 'ಫಿಂಗ್' ಎಂದರೆ ಸಮತಟ್ಟು. ಎರಡೂ ಸೇರಿ 'ಮಟ್ಟ' ಎಂಬ ಅರ್ಥ ಬಂದಿದೆ. ನಮ್ಮ ಗಾರೆ ಕೆಲಸದವರು ಗೋಡೆಯ ಮೇಲೆ ರಸಮಟ್ಟ ಇಟ್ಟು ನೋಡುವುದನ್ನು ನೀವು ಕಂಡಿದ್ದೀರಿ. ರಸಮಟ್ಟ ಗೋಡೆ ಕಟ್ಟಿಕೊಡುವುದಿಲ್ಲ. ಕಟ್ಟಿದ ಗೋಡೆ ಸರಿಯಾಗಿದೆಯೇ ಎಂದಷ್ಟೇ ಹೇಳುತ್ತದೆ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಓದಬೇಕೆಂದು ಕೋರುತ್ತೇನೆ.

ಈ ಪರೀಕ್ಷೆಯನ್ನು ರೂಪಿಸುವ ಕೆಲಸ ಬೀಜಿಂಗ್‌ನ ಭಾಷಾ ಸಂಸ್ಥೆಯಲ್ಲಿ 1984ರಲ್ಲಿ ಆರಂಭವಾಯಿತು. 1990ರಲ್ಲಿ ಚೀನಾದೊಳಗೆ, 1991ರಿಂದ ಹೊರದೇಶಗಳಲ್ಲಿ ಅದು ನಡೆಯತೊಡಗಿತು. 2010ರಲ್ಲಿ ಅದನ್ನು ಆರು ಹಂತಗಳಾಗಿ ಬದಲಿಸಿದರು. ಆ ಕ್ರಮದಲ್ಲಿ ಮೊದಲ ಹಂತಕ್ಕೆ 150 ಪದಗಳು, ಎರಡಕ್ಕೆ 300, ಮೂರಕ್ಕೆ 600, ನಾಲ್ಕಕ್ಕೆ 1200, ಐದಕ್ಕೆ 2500, ಆರಕ್ಕೆ 5000 ಎಂದು ನಿಗದಿಯಾಯಿತು. 2021ರಲ್ಲಿ ಒಂಬತ್ತು ಹಂತಗಳ ಹೊಸ ಮಾನದಂಡ ಪ್ರಕಟವಾಗಿ, 2022ರ ನವೆಂಬರಿನಲ್ಲಿ ಏಳರಿಂದ ಒಂಬತ್ತರವರೆಗಿನ ಮೇಲ್ಮಟ್ಟದ ಪರೀಕ್ಷೆ ಮೊದಲ ಬಾರಿಗೆ ನಡೆಯಿತು. ಹೊಸ ಮಾನದಂಡದಲ್ಲಿ ಪದಗಳ ಸಂಖ್ಯೆ ಹೆಚ್ಚು. ಪಟ್ಟಿಗಳು ಹೀಗೆ ಪರಿಷ್ಕರಣೆಗೊಳ್ಳುತ್ತಿರುವುದರಿಂದ, ನೀವು ಪರೀಕ್ಷೆಗೆ ಕೂರುವ ವರ್ಷದ ಅಧಿಕೃತ ಪಟ್ಟಿಯನ್ನೇ ನೋಡಿಕೊಳ್ಳಬೇಕು. ಅಣ್ಣನೋ ಅಕ್ಕನೋ ಬಳಸಿದ ಹಳೆಯ ಪುಸ್ತಕವನ್ನು ನಂಬಿ ಹೋಗಬಾರದು.

ಈಗ ಈ ಪರೀಕ್ಷೆ ಏನನ್ನು ಅಳೆಯುತ್ತದೆ, ಏನನ್ನು ಅಳೆಯದೆ ಬಿಡುತ್ತದೆ ಎಂಬುದನ್ನು ಗಮನಿಸಿ. 2010ರ ಕ್ರಮದಲ್ಲಿ ಮೊದಲೆರಡು ಹಂತಗಳಲ್ಲಿ ಕೇಳಿ ಉತ್ತರಿಸುವ ಭಾಗ ಮತ್ತು ಓದಿ ಉತ್ತರಿಸುವ ಭಾಗ ಮಾತ್ರ ಇದ್ದವು. ಒಟ್ಟು ಅಂಕ 200, ತೇರ್ಗಡೆಗೆ 120. ಚೀನೀ ಅಕ್ಷರಗಳ ಜೊತೆಗೆ ರೋಮನ್ ಲಿಪಿಯ ಉಚ್ಚಾರಣೆಯನ್ನೂ ಮುದ್ರಿಸಿಕೊಡುತ್ತಿದ್ದರು. ಬರವಣಿಗೆ ಸೇರಿಕೊಂಡದ್ದು ಮೂರನೆಯ ಹಂತದಿಂದ. ಮಾತನಾಡುವ ಪರೀಕ್ಷೆಯಂತೂ ಬೇರೆಯೇ. ಅದಕ್ಕೆ ಪ್ರತ್ಯೇಕವಾಗಿ ಹೆಸರು ನೋಂದಾಯಿಸಬೇಕಾಗಿತ್ತು. ಎಂದ ಮೇಲೆ, ಒಂದು ಅಕ್ಷರವನ್ನೂ ಕೈಯಾರೆ ಬರೆಯದೆ, ಒಂದು ವಾಕ್ಯವನ್ನೂ ಬಾಯಿಬಿಟ್ಟು ಆಡದೆ ಒಬ್ಬ ವಿದ್ಯಾರ್ಥಿ ಎರಡು ಹಂತ ದಾಟಬಹುದಾಗಿತ್ತು. ಅವನ ಕೈಯಲ್ಲಿ ಸರ್ಟಿಫಿಕೇಟು ಇರುತ್ತದೆ, ನಾಲಗೆಯ ಮೇಲೆ ಭಾಷೆ ಇರುವುದಿಲ್ಲ.

ಇದರಿಂದ ಆಗುವ ನಷ್ಟವೇನೆಂದು ತಿಳಿಯಲು ವೈದ್ಯಕೀಯ ಓದಲು ಚೀನಾಕ್ಕೆ ಹೋಗುವವರನ್ನು ನೆನೆಯಿರಿ. ಭಾರತದಿಂದ ಹೀಗೆ ಹೋದವರ ಸಂಖ್ಯೆ ದೊಡ್ಡದು. ಅವರಲ್ಲಿ ಕನ್ನಡಿಗರೂ ಇದ್ದಾರೆ. ಪಾಠ ಇಂಗ್ಲಿಷಿನಲ್ಲಿ ನಡೆಯುತ್ತದೆ ಎಂಬ ಧೈರ್ಯದಿಂದ ಹೊರಡುತ್ತಾರೆ. ಆದರೆ ಆಸ್ಪತ್ರೆಯ ವಾರ್ಡಿನಲ್ಲಿ ಮಲಗಿರುವ ರೋಗಿ ಮಾತನಾಡುವುದು ಚೀನೀ ಭಾಷೆಯನ್ನು. ಹಲವು ಕಾಲೇಜುಗಳು ಪ್ರಾಯೋಗಿಕ ತರಬೇತಿಗೆ ಮುಂಚೆ ಎಚ್.ಎಸ್.ಕೆ.ಯ ನಿರ್ದಿಷ್ಟ ಹಂತವನ್ನು ಕೇಳುವುದು ಇದೇ ಕಾರಣಕ್ಕೆ. ರೋಗಿ 'ತೂತ್ಸ' ನೋಯುತ್ತಿದೆ ಎನ್ನುತ್ತಾನೆ. ತೂತ್ಸ ಎಂದರೆ ಹೊಟ್ಟೆ. ಅದನ್ನೇ ಮಹಾಪ್ರಾಣದಿಂದ 'ಥೂತ್ಸ' ಎಂದರೆ ಮೊಲ! ಎರಡು ಧ್ವನಿಗಳ ನಡುವಿನ ಈ ಭೇದವನ್ನು ಕಿವಿ ಹಿಡಿಯದಿದ್ದರೆ, ಗೋಡೆಗೆ ತೂಗುಹಾಕಿದ ಪ್ರಮಾಣಪತ್ರ ಆ ಹೊತ್ತಿನಲ್ಲಿ ಸಹಾಯಕ್ಕೆ ಬರುವುದಿಲ್ಲ.

ಆದ್ದರಿಂದ ನನ್ನ ಸಲಹೆ ಇಷ್ಟೇ: ಪರೀಕ್ಷೆ ಕೇಳದಿದ್ದರೂ ಮೊದಲ ದಿನದಿಂದಲೇ ಬಾಯಿಂದ ಆಡಿ, ಕೈಯಿಂದ ಬರೆಯಿರಿ. ಈ ಕೆಲಸದಲ್ಲಿ ನಿಮ್ಮ ಕನ್ನಡ ನಿಮಗೆ ಎಷ್ಟು ನೆರವಾಗುತ್ತದೆ ಎಂಬುದನ್ನು ಸ್ವಲ್ಪ ವಿವರಿಸುತ್ತೇನೆ.

ಚೀನೀ ಉಚ್ಚಾರಣೆಯನ್ನು ರೋಮನ್ ಲಿಪಿಯಲ್ಲಿ ಬರೆಯುವ ಪದ್ಧತಿಗೆ 'ಫಿನ್‌ಯಿನ್' ಎಂದು ಹೆಸರು. ಪುಸ್ತಕಗಳಲ್ಲಿ ಪಿನ್‌ಯಿನ್ ಎಂದು ಕಾಣುತ್ತೀರಿ. 1958ರಲ್ಲಿ ಅಂಗೀಕಾರವಾದ ಈ ಪದ್ಧತಿಯನ್ನು ರೂಪಿಸಿದವರಲ್ಲಿ ಪ್ರಮುಖರು ಚೋವ್ ಯೋವ್‌ಕ್ವಾಂಗ್. ಮೊದಲು ಅರ್ಥಶಾಸ್ತ್ರಜ್ಞರಾಗಿದ್ದ ಅವರು 111 ವರ್ಷ ಬದುಕಿ 2017ರಲ್ಲಿ ತೀರಿಕೊಂಡರು. ಈ ಪದ್ಧತಿಯಲ್ಲಿ ರೋಮನ್ 'ಬಿ' ಅಕ್ಷರ ಕಂಡರೆ ಇಂಗ್ಲಿಷ್ ಬಲ್ಲವರು 'ಬ' ಎಂದು ಓದುತ್ತಾರೆ. ಅಲ್ಲಿರುವ ಧ್ವನಿ ನಮ್ಮ ಅಲ್ಪಪ್ರಾಣ 'ಪ'. ರೋಮನ್ 'ಪಿ' ಕಂಡಲ್ಲಿ ಮಹಾಪ್ರಾಣ 'ಫ'. ಇದು ಫಲ ಎಂಬ ಪದದ ಫ, ಫ್ಯಾನ್ ಎಂಬಲ್ಲಿನ ಸದ್ದಲ್ಲ. ಹಾಗೆಯೇ 'ಡಿ' ಮತ್ತು 'ಟಿ'ಗಳು ತ, ಥ. 'ಜಿ' ಮತ್ತು 'ಕೆ'ಗಳು ಕ, ಖ. ಒಂದನೆಯ ತರಗತಿಯಲ್ಲಿ ಕಲಿತ ವರ್ಣಮಾಲೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಆದರೆ ಎಚ್ಚರಿಕೆಯೂ ಬೇಕು. ನಾವು ಮಾತಿನ ಭರದಲ್ಲಿ ಖರ್ಚನ್ನು ಕರ್ಚು ಎನ್ನುತ್ತೇವೆ, ಕೇಳುವವರಿಗೆ ಅರ್ಥವಾಗುತ್ತದೆ. ಚೀನೀ ಭಾಷೆಯಲ್ಲಿ 'ಪಾವೊ ಲ' ಎಂದರೆ ಹೊಟ್ಟೆ ತುಂಬಿತು, 'ಫಾವೊ ಲ' ಎಂದರೆ ಓಡಿಹೋದ. ಊಟಕ್ಕೆ ಕರೆದವರ ಮನೆಯಲ್ಲಿ ಈ ಭೇದ ತಪ್ಪಬಾರದು.

ಇದಕ್ಕೆ ನಮ್ಮ ಇತಿಹಾಸದಲ್ಲೇ ಒಂದು ಉದಾಹರಣೆ ಸಿಗುತ್ತದೆ. ಏಳನೆಯ ಶತಮಾನದಲ್ಲಿ ಭಾರತಕ್ಕೆ ಬಂದಿದ್ದ ಯಾತ್ರಿಕ ಹ್ಯೂಯೆನ್ ತ್ಸಾಂಗ್, 645ರಲ್ಲಿ ಸ್ವದೇಶಕ್ಕೆ ಮರಳಿ ಮರುವರ್ಷ ಪೂರೈಸಿದ ಪ್ರವಾಸ ಗ್ರಂಥದಲ್ಲಿ ಬಾದಾಮಿಯ ಚಾಲುಕ್ಯ ದೊರೆ ಇಮ್ಮಡಿ ಪುಲಿಕೇಶಿಯ ಹೆಸರನ್ನು ನಾಲ್ಕು ಚೀನೀ ಅಕ್ಷರಗಳಲ್ಲಿ ಬರೆದಿದ್ದಾನೆ. ಆ ನಾಲ್ಕರಲ್ಲಿ ಮೊದಲನೆಯದನ್ನು ಇಂದಿನ ಫಿನ್‌ಯಿನ್‌ನಲ್ಲಿ ರೋಮನ್ 'ಬಿ' ಮತ್ತು 'ಯು' ಸೇರಿಸಿ ಬರೆಯುತ್ತಾರೆ. ಇಂಗ್ಲಿಷಿನ ಅಭ್ಯಾಸದಿಂದ 'ಬು' ಎಂದು ಓದಿದರೆ ತಪ್ಪು. ಕನ್ನಡದ 'ಪು' ಎಂದರೆ ಸರಿ. ಪುಲಿಕೇಶಿಯ 'ಪು' ಅಲ್ಲಿ ಹಾಗೆಯೇ ಕುಳಿತಿದೆ.

ಇನ್ನು ಸ್ವರಭಾರ. ಚೀನೀ ಭಾಷೆಯಲ್ಲಿ ಒಂದೇ ಉಚ್ಚಾರಾಂಶವನ್ನು ನಾಲ್ಕು ಬಗೆಯ ಏರಿಳಿತದಲ್ಲಿ ಹೇಳಿದರೆ ನಾಲ್ಕು ಅರ್ಥ. 'ಮಾ' ಎಂಬುದನ್ನು ಎತ್ತರದಲ್ಲಿ ಸಮವಾಗಿ ಎಳೆದರೆ ತಾಯಿ, ಏರಿಸಿದರೆ ಸೆಣಬಿನ ಜಾತಿಯ ಗಿಡ, ತಗ್ಗಿಸಿ ಎತ್ತಿದರೆ ಕುದುರೆ, ಥಟ್ಟನೆ ಇಳಿಸಿದರೆ ಬೈಯುವುದು. 'ಮಾಯ್' ಎಂಬುದನ್ನು ತಗ್ಗಿಸಿ ಎತ್ತಿದರೆ ಕೊಳ್ಳು, ಇಳಿಸಿದರೆ ಮಾರು. ಅಂಗಡಿಯಲ್ಲಿ ಇದೊಂದು ಕೆಟ್ಟರೆ ವ್ಯಾಪಾರವೇ ತಿರುಗುಮುರುಗಾಗುತ್ತದೆ. ಏರಿಳಿತ ನಮಗೂ ಹೊಸದಲ್ಲ. ಆಶ್ಚರ್ಯದಿಂದ 'ಹೌದಾ?' ಎನ್ನುವಾಗ ನಮ್ಮ ಧ್ವನಿ ಏರುತ್ತದೆ, ಗದರಿಸಿ 'ಬಾ!' ಎನ್ನುವಾಗ ಇಳಿಯುತ್ತದೆ. ನಮ್ಮಲ್ಲಿ ಅದು ಭಾವವನ್ನು ಹೇಳುತ್ತದೆ, ಅವರಲ್ಲಿ ಪದವನ್ನೇ ಹೇಳುತ್ತದೆ. ಇನ್ನೊಂದು ವಿಷಯ: ತಗ್ಗಿ ಏಳುವ ಎರಡು ಸ್ವರಗಳು ಒಟ್ಟಿಗೆ ಬಂದರೆ ಮೊದಲನೆಯದು ಏರುವ ಸ್ವರವಾಗುತ್ತದೆ. 'ನೀ ಹಾವೊ' ಎಂಬ ವಂದನೆಯಲ್ಲಿ ಆಗುವುದು ಇದೇ. ಸಂಧಿ ನಿಯಮ ಕಲಿತ ನಮಗೆ ಇದರಲ್ಲಿ ಗಾಬರಿಯಾಗುವಂಥದ್ದೇನೂ ಇಲ್ಲ.

ವಾಕ್ಯರಚನೆಯಲ್ಲೂ ಕನ್ನಡವನ್ನು ಪಕ್ಕದಲ್ಲಿಟ್ಟುಕೊಳ್ಳಿ. 'ವೊ ತ್ಸುವೊಥ್ಯೆನ್ ಮಾಯ್ ತ ಷು' ಎಂಬುದನ್ನು ಪದಕ್ಕೆ ಪದ ಇಟ್ಟರೆ 'ನಾನು ನಿನ್ನೆ ಕೊಂಡ ಪುಸ್ತಕ' ಎಂದಾಗುತ್ತದೆ. ಇಂಗ್ಲಿಷಿನಲ್ಲಿ ಪುಸ್ತಕ ಮೊದಲು ಬರಬೇಕು. ಕನ್ನಡದಲ್ಲಿ, ಚೀನೀ ಭಾಷೆಯಲ್ಲಿ ಕೊನೆಗೆ. 'ನೀ ಲಾಯ್ ಮಾ?' ಎಂದರೆ 'ನೀನು ಬರುತ್ತೀಯಾ?' ಪ್ರಶ್ನೆಯ ಗುರುತು ಎರಡರಲ್ಲೂ ವಾಕ್ಯದ ತುದಿಯಲ್ಲಿದೆ. ಅಲ್ಲಿನ 'ನೀ' ನಮ್ಮ 'ನೀ'ಯಂತೆಯೇ ಕೇಳಿಸುವುದು ಮಾತ್ರ ಆಕಸ್ಮಿಕ. ಎರಡು ಭಾಷೆಗಳಿಗೂ ನೆಂಟಸ್ತಿಕೆಯಿಲ್ಲ. ಎಲ್ಲದರಲ್ಲೂ ಹೋಲಿಕೆ ಹುಡುಕಲೂ ಬಾರದು. 'ನಾನು ಪುಸ್ತಕ ಓದುತ್ತೇನೆ' ಎನ್ನಲು ಅವರು 'ನಾನು-ಓದು-ಪುಸ್ತಕ' ಎಂಬ ಕ್ರಮ ಬಳಸುತ್ತಾರೆ.

ಅಕ್ಷರಗಳೆಂದರೆ ಎಲ್ಲರಿಗೂ ಭಯ. ಅವು ಸಾವಿರಾರು ಬಿಡಿ ಚಿತ್ರಗಳೆಂದು ತಿಳಿದರೆ ಭಯವಾಗುವುದು ಸಹಜ. ಆದರೆ ಬಹುಪಾಲು ಅಕ್ಷರಗಳಲ್ಲಿ ಎರಡು ಭಾಗಗಳಿರುತ್ತವೆ: ಒಂದು ಅರ್ಥದ ಜಾತಿಯನ್ನು ಸೂಚಿಸುತ್ತದೆ, ಇನ್ನೊಂದು ಉಚ್ಚಾರಣೆಯ ಸುಳಿವು ಕೊಡುತ್ತದೆ. ತಾಯಿ ಎಂಬ ಅಕ್ಷರದಲ್ಲಿ ಎಡಕ್ಕೆ ಹೆಣ್ಣಿನ ಗುರುತು, ಬಲಕ್ಕೆ 'ಮಾ' ಎಂಬ ಸದ್ದಿಗಾಗಿ ಕುದುರೆ. ನದಿ, ಸರೋವರ, ಸಮುದ್ರ ಈ ಮೂರಕ್ಕೂ ಎಡಗಡೆ ನೀರಿನ ಮೂರು ಹನಿಗಳಿವೆ.

ವಿಜ್ಞಾನದ ವಿದ್ಯಾರ್ಥಿಗಳಿಗೆ ಇದಕ್ಕಿಂತ ಚೆಂದದ ಉದಾಹರಣೆ ಆವರ್ತ ಕೋಷ್ಟಕ. ಚೀನೀ ಭಾಷೆಯಲ್ಲಿ ಪ್ರತಿಯೊಂದು ಮೂಲವಸ್ತುವಿಗೂ ಒಂದೇ ಅಕ್ಷರ. ಕಬ್ಬಿಣ, ತಾಮ್ರ, ಸೋಡಿಯಂ ಮುಂತಾದ ಲೋಹಗಳಿಗೆ ಲೋಹದ ಗುರುತು. ಇಂಗಾಲ, ಗಂಧಕ, ಸಿಲಿಕಾನ್‌ಗಳಿಗೆ ಕಲ್ಲಿನ ಗುರುತು. ಆಮ್ಲಜನಕ, ಸಾರಜನಕಗಳಿಗೆ ಅನಿಲದ ಗುರುತು. ಜಲಜನಕದ ಅಕ್ಷರದಲ್ಲಿ ಅನಿಲದ ಗುರುತಿನ ಕೆಳಗೆ 'ಹಗುರ' ಎಂಬ ಪದದ ಒಂದು ಭಾಗವಿದೆ. ಸಾಮಾನ್ಯ ಉಷ್ಣತೆಯಲ್ಲಿ ದ್ರವವಾಗಿರುವ ಪಾದರಸ ಮತ್ತು ಬ್ರೋಮಿನ್‌ಗಳಲ್ಲಿ ನೀರಿನ ಗುರುತು ಕಾಣುತ್ತದೆ. ಅಕ್ಷರ ನೋಡಿಯೇ ವಸ್ತು ಘನವೋ ದ್ರವವೋ ಅನಿಲವೋ ಎಂದು ಹೇಳಬಹುದು. 19ನೆಯ ಶತಮಾನದಲ್ಲಿ ಷಾಂಘೈನಲ್ಲಿ ರಸಾಯನಶಾಸ್ತ್ರದ ಗ್ರಂಥಗಳನ್ನು ಅನುವಾದಿಸಿದ ಷ್ಯು ಷೋವ್ ಮತ್ತು ಅವರ ಇಂಗ್ಲಿಷ್ ಸಹೋದ್ಯೋಗಿ ಜಾನ್ ಫ್ರಯರ್ ಈ ಪದ್ಧತಿಗೆ ಬುನಾದಿ ಹಾಕಿದರು. ಗುರುತುಗಳನ್ನು ಮೊದಲು ಕಲಿತರೆ ಅಕ್ಷರಗಳು ತಾವಾಗಿ ಬಿಡಿಸಿಕೊಳ್ಳುತ್ತವೆ.

ಇನ್ನು ದಿನಚರಿಯ ಮಾತು. ದಿನಕ್ಕೆ ಒಂದು ಗಂಟೆ ಸಾಕು, ಆದರೆ ಪ್ರತಿದಿನ ಬೇಕು. ಮೊದಲ 20 ನಿಮಿಷ ಪುಸ್ತಕ ಮುಚ್ಚಿ ಕೇಳುವುದು. ಮುಂದಿನ 15 ನಿಮಿಷ ಕೇಳಿದ್ದನ್ನು ಗಟ್ಟಿಯಾಗಿ ಹೇಳಿ, ಮೊಬೈಲಿನಲ್ಲಿ ಧ್ವನಿಮುದ್ರಿಸಿ, ಮೂಲದೊಡನೆ ಹೋಲಿಸುವುದು. ನಾವು ಮಾತನಾಡುವಾಗ ನಮ್ಮ ಧ್ವನಿ ತಲೆಬುರುಡೆಯ ಮೂಳೆಗಳ ಮೂಲಕವೂ ಒಳಕಿವಿಯನ್ನು ತಲುಪುವುದರಿಂದ, ಇತರರಿಗೆ ಕೇಳಿಸುವ ಹಾಗೆ ಅದು ನಮಗೆ ಕೇಳಿಸುವುದಿಲ್ಲ. ಮುದ್ರಿಸಿ ಕೇಳಿದಾಗಲೇ ದೋಷ ತಿಳಿಯುತ್ತದೆ. ಆಮೇಲಿನ 15 ನಿಮಿಷ ಐದು ಹೊಸ ಪದಗಳನ್ನು ಗೆರೆಗಳ ಕ್ರಮ ತಪ್ಪದಂತೆ ಬರೆಯುವುದು. ಸಾಮಾನ್ಯ ನಿಯಮ ಮೇಲಿನಿಂದ ಕೆಳಕ್ಕೆ, ಎಡದಿಂದ ಬಲಕ್ಕೆ. ಕೊನೆಯ 10 ನಿಮಿಷ ಹಳೆಯ ಪದಗಳ ಪುನರಾವರ್ತನೆ.

ದಿನಕ್ಕೆ ಐದು ಪದವೆಂದರೆ 600 ಪದಗಳಿಗೆ 120 ದಿನ. ಇದು ಕಾಗದದ ಮೇಲಿನ ಲೆಕ್ಕ. ಮರೆವಿಗೂ ಜಾಗ ಬಿಟ್ಟು ಇದರ ಎರಡರಷ್ಟು ಕಾಲ ಇಟ್ಟುಕೊಳ್ಳಿ. ಕಲಿತದ್ದರಲ್ಲಿ ಹೆಚ್ಚಿನದು ಮೊದಲ ಕೆಲವು ಗಂಟೆ, ದಿನಗಳಲ್ಲೇ ಮರೆತುಹೋಗುತ್ತದೆ ಎಂದು ಜರ್ಮನಿಯ ಎಬಿಂಗ್‌ಹೌಸ್ 1885ರಲ್ಲೇ ಪ್ರಯೋಗದಿಂದ ತೋರಿಸಿದ್ದರು. ಆದ್ದರಿಂದ ಇಂದು ಕಲಿತದ್ದನ್ನು ರಾತ್ರಿ ಮಲಗುವ ಮುನ್ನ, ಮರುದಿನ, ನಾಲ್ಕನೆಯ ದಿನ, ವಾರದ ಕೊನೆಗೆ, ತಿಂಗಳ ಕೊನೆಗೆ ಮತ್ತೆ ನೋಡಬೇಕು.

ಪರೀಕ್ಷೆಗೆ ಒಂದು ತಿಂಗಳಿರುವಾಗ ಮಾದರಿ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಮುಂದಿಟ್ಟುಕೊಂಡು ಬಿಡಿಸಿ. 2010ರ ಕ್ರಮದಲ್ಲಿ ಮೊದಲ ಮೂರು ಹಂತಗಳಲ್ಲಿ ಧ್ವನಿಮುದ್ರಿಕೆಯ ಪ್ರಶ್ನೆಗಳನ್ನು ಎರಡು ಬಾರಿ ಕೇಳಿಸುತ್ತಿದ್ದರು, ನಾಲ್ಕರಿಂದ ಮೇಲೆ ಒಂದೇ ಬಾರಿ. ಮನೆಯ ಅಭ್ಯಾಸದಲ್ಲಿ ಯಾವ ಹಂತವಾದರೂ ಒಮ್ಮೆ ಕೇಳಿಯೇ ಉತ್ತರಿಸಲು ಪ್ರಯತ್ನಿಸಿ. ಧ್ವನಿ ಆರಂಭವಾಗುವ ಮುಂಚೆ ಉತ್ತರದ ಆಯ್ಕೆಗಳ ಮೇಲೆ ಕಣ್ಣಾಡಿಸಿ. ವಿಶ್ವವಿದ್ಯಾಲಯದ ಪ್ರವೇಶಕ್ಕಾಗಿ ಬರೆಯುವವರು ಇನ್ನೊಂದು ವಿಷಯ ನೆನಪಿಡಬೇಕು: ಅಲ್ಲಿ ಈ ಅಂಕಪಟ್ಟಿಗೆ ಎರಡು ವರ್ಷಗಳ ಅವಧಿಯಷ್ಟೇ. ತೀರ ಮುಂಚಿತವಾಗಿ ಬರೆದಿಟ್ಟುಕೊಂಡರೆ ಅಗತ್ಯದ ಸಮಯಕ್ಕೆ ಅದು ಹಳತಾಗಿರುತ್ತದೆ.

ನಮ್ಮ ದೇಶದಲ್ಲಿ ಈ ಭಾಷೆಯ ಅಧ್ಯಯನಕ್ಕೆ ಒಳ್ಳೆಯ ಪರಂಪರೆಯೇ ಇದೆ. ರವೀಂದ್ರನಾಥ ಠಾಕೂರರು ಚೀನೀ ವಿದ್ವಾಂಸ ತಾನ್ ಯುನ್‌ಷಾನ್ ಅವರ ನೆರವಿನಿಂದ ಶಾಂತಿನಿಕೇತನದಲ್ಲಿ 1937ರಲ್ಲಿ ಚೀನಾ ಭವನವನ್ನು ತೆರೆದರು. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಪದವಿ ಮಟ್ಟದಿಂದಲೇ ಈ ಭಾಷೆಯನ್ನು ಕಲಿಸುತ್ತಾರೆ. ಅಲ್ಲಿಗೆ ಹೋಗಲಾಗದವರು ಮನೆಯಲ್ಲಿಯೇ ಆರಂಭಿಸಬಹುದು. ಆದರೆ ವಾರಕ್ಕೊಮ್ಮೆಯಾದರೂ ಭಾಷೆ ಬಲ್ಲವರೊಬ್ಬರಿಂದ ನಿಮ್ಮ ಉಚ್ಚಾರಣೆಯನ್ನು ತಿದ್ದಿಸಿಕೊಳ್ಳಿ. ಪುಸ್ತಕ ಆ ಕೆಲಸ ಮಾಡಲಾರದು.

ನಾಳೆ ಬೆಳಿಗ್ಗೆ ಮೊದಲ ಪಾಠವಾಗಿ ತ-ಥ, ಪ-ಫ, ಕ-ಖ ಜೋಡಿಗಳನ್ನು ಅಂಗೈಯನ್ನು ಬಾಯಿಯ ಮುಂದೆ ಹಿಡಿದು ಹೇಳಿ ನೋಡಿ. ಮಹಾಪ್ರಾಣದಲ್ಲಿ ಉಸಿರು ಅಂಗೈಗೆ ತಾಗಬೇಕು, ಅಲ್ಪಪ್ರಾಣದಲ್ಲಿ ತಾಗಬಾರದು. ಅಷ್ಟು ಸಾಧಿಸಿದರೆ ಹೊಟ್ಟೆಗೂ ಮೊಲಕ್ಕೂ ಇರುವ ಭೇದ ನಿಮ್ಮ ವಶವಾದಂತೆ. ನಿಮ್ಮ ಅಭ್ಯಾಸಕ್ಕೆ ಶುಭವಾಗಲಿ.