ಪ್ಲೇಟಿಗೆ ಬಾರದ ಸದ್ದು
(ಹಂದನಕೆರೆಯಲ್ಲಿ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)



ಹಾಸ್ಟೆಲ್ಲಿಗೆ ಅರ್ಜಿ ಹಾಕುವಾಗ ತಂದೆಯ ಕಸುಬು ಅಂತ ಒಂದು ಜಾಗ ಇರುತ್ತೆ. ಅಲ್ಲಿ ನಾವೆಲ್ಲ ಕೂಲಿ ಅಂತ ಬರೆದೆವು. ತಮಟೆ ಬಾರಿಸ್ತಾರೆ ಅಂತ ಬರೆದವರು ಎಷ್ಟು ಜನ? ಕೈ ಎತ್ತಿ ಅಂದರೆ ಯಾರೂ ಎತ್ತಲ್ಲ. ನಾವೂ ಎತ್ತಲ್ಲ. ಇವತ್ತಿನ ಮಾತು ಆ ಎತ್ತದ ಕೈಯ ಬಗ್ಗೆ.

ಮೊದಲು ಅಮೆರಿಕದ ನ್ಯೂ ಆರ್ಲಿಯನ್ಸ್ ಊರಿಗೆ ಹೋಗೋಣ. ಗುಲಾಮರಾಗಿ ತಂದ ಕರಿಯರ ಮಕ್ಕಳು, ಮೊಮ್ಮಕ್ಕಳು ಅಲ್ಲಿ ಕಟ್ಟಿದ ಸಂಗೀತ ಜಾಝ್. 1900ರ ಆಚೀಚೆ ಅಲ್ಲಿ ಬಡ್ಡಿ ಬೋಲ್ಡನ್ ಎಂಬಾತ ಕಾರ್ನೆಟ್ ಎಂಬ ಕಹಳೆ ಊದುತ್ತಿದ್ದ. ಜನ ಅವನನ್ನ ರಾಜ ಅಂದರು. 1907ರಲ್ಲಿ ಅವನನ್ನು ಹುಚ್ಚಾಸ್ಪತ್ರೆಗೆ ಸೇರಿಸಿದರು, 1931ರಲ್ಲಿ ಅಲ್ಲೇ ಸತ್ತ. ಗೋರಿಗೆ ಒಂದು ಗುರುತೂ ಇಡಲಿಲ್ಲ. ಅವನು ಊದಿದ ಒಂದು ಸ್ವರವೂ ಇವತ್ತು ಯಾವ ಪ್ಲೇಟಿನಲ್ಲೂ ಸಿಗಲ್ಲ.

ಹಾಗಾದರೆ ಜಾಝಿನ ಮೊದಲ ಪ್ಲೇಟು ಯಾರದ್ದು? 1917ರಲ್ಲಿ ಬಂತು, ಐದು ಜನ ಬಿಳಿಯರ ಮೇಳದ್ದು. ಆ ಮೇಳದ ಮುಂದಾಳು ಲರೊಕಾ, ಈ ಸಂಗೀತ ಹುಟ್ಟಿಸಿದವರು ಬಿಳಿಯರು, ಕರಿಯರದ್ದು ಇದರಲ್ಲಿ ಏನೂ ಇಲ್ಲ ಅಂತ ಆಮೇಲೆ ವಾದ ಹೂಡಿದ. ನ್ಯೂ ಆರ್ಲಿಯನ್ಸಿನ ಕರಿಯರ ಮೇಳಗಳು ಪ್ಲೇಟಿಗೆ ಬಂದದ್ದು 1922, 1923ರಲ್ಲಿ. ಪ್ಲೇಟು ಇದ್ದವನಿಗೆ ಚರಿತ್ರೆ, ಇಲ್ಲದವನಿಗೆ ದಂತಕತೆ!

ಇನ್ನೊಂದು ಸಂಗತಿ ಕೇಳಿ. ಆಗ ಮೈಕು ಇರಲಿಲ್ಲ. ದೊಡ್ಡ ಕೊಳವೆಯ ಮುಂದೆ ನಿಂತು ಬಾರಿಸಬೇಕು, ಆ ಸದ್ದಿಗೆ ಅದುರಿದ ಸೂಜಿ ಮೇಣದ ಮೇಲೆ ಗೀರು ಕೊರೀಬೇಕು. ದೊಡ್ಡ ಡೋಲು ಬಾರಿಸಿದರೆ ಸೂಜಿ ಹಾರುತ್ತಿತ್ತು. ಅದಕ್ಕೇ 1923ರಲ್ಲಿ ಕಿಂಗ್ ಆಲಿವರನ ಮೇಳದ ಬೇಬಿ ಡಾಡ್ಸ್ ಮರದ ತುಂಡು ಕುಟ್ಟಿ ತಾಳ ಹಾಕಿದ. ಚರ್ಮದ ಸದ್ದನ್ನ ಆ ಯಂತ್ರವೂ ಹೊರಗೇ ನಿಲ್ಲಿಸಿತು. 1925ರಿಂದ ಮೈಕು ಬಂತು, ಆ ನೆವ ಹೋಯಿತು.

ಅದಕ್ಕೂ ಹಿಂದೆ, 1739ರಲ್ಲಿ, ದಕ್ಷಿಣ ಕೆರೊಲಿನಾದ ಗುಲಾಮರು ಡೋಲು ಬಾರಿಸಿಕೊಂಡು ದಂಗೆ ಎದ್ದರು. ಮರುವರ್ಷವೇ ಗುಲಾಮರು ಡೋಲು ಮುಟ್ಟಬಾರದು ಅಂತ ಕಾನೂನು ಬಂತು. ಅಲ್ಲಿ ಬಾರಿಸಬೇಡ ಅಂದರು. ಇಲ್ಲಿ ಬಾರಿಸಲೇಬೇಕು ಅಂದರು. ಜಾತ್ರೆಗೆ ಬಾರಿಸು, ಸಾವಿಗೆ ಬಾರಿಸು, ಊರಿಗೆ ಸಾರು ಹಾಕು, ಆದರೆ ಗುಡಿ ಒಳಕ್ಕೆ ಬರಬೇಡ! ತೋಟಿ, ತಳವಾರಿಕೆಯ ವಂಶಪಾರಂಪರ್ಯ ಚಾಕರಿಯನ್ನು ರದ್ದು ಮಾಡೋಕೆ 1961ರಲ್ಲಿ ಒಂದು ಕಾಯ್ದೆಯೇ ಬೇಕಾಯಿತು. ಬೇಡ ಅಂದದ್ದೂ ಬೇಕು ಅಂದದ್ದೂ ಒಡೆಯನ ಬಾಯೇ.

ಆದ್ದರಿಂದ ತಮಟೆ ಸುಟ್ಟು ಹಾಕಿ ಅನ್ನೋ ಗೆಳೆಯರ ಸಿಟ್ಟು ನಮಗೆ ಅರ್ಥ ಆಗುತ್ತೆ. ಆ ಸಿಟ್ಟು ನಮ್ಮದೂ ಹೌದು. ಆದರೆ ಸುಡಬೇಕಾದ್ದು ಬಿಟ್ಟಿ ಚಾಕರಿ. ತೆಂಗಿನ ಗರಿ ಉರಿಸಿ, ತಮಟೆ ಕಾಯಿಸಿ, ಬೆರಳಲ್ಲಿ ತಟ್ಟಿ ಹದ ನೋಡ್ತಾನಲ್ಲ ನಮ್ಮಪ್ಪ, ಅದು ವಿದ್ಯೆ. ಚಾಕರಿ ಅವರು ಹೇರಿದ್ದು, ವಿದ್ಯೆ ನಮ್ಮವರು ಗಳಿಸಿದ್ದು. ನಮ್ಮ ಮೆರವಣಿಗೆಯಲ್ಲಿ ಮುಂದೆ ಹೋಗೋದೂ ಅದೇ ತಮಟೆ ಅಲ್ಲವೇ? ಚಿಕ್ಕಬಳ್ಳಾಪುರದ ಕಡೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ತಮಟೆಗೇ.

ನಮ್ಮ ದೇಶದ ಪ್ಲೇಟಿನ ಕತೆಯನ್ನೂ ಕೇಳಿ. 1902ರಲ್ಲಿ ಕಲ್ಕತ್ತೆಯಲ್ಲಿ ಆ ಕೊಳವೆಯ ಮುಂದೆ ಹಾಡಿದವರಲ್ಲಿ ಗೌಹರ್ ಜಾನ್ ಒಬ್ಬರು. ಮರ್ಯಾದಸ್ಥರು ಅನ್ನಿಸಿಕೊಂಡವರು ಕೋಠೆಯ ಹೆಂಗಸು ಅಂತ ದೂರ ಇಟ್ಟಿದ್ದ ಕಲಾವಿದೆ. ಮೇಣದ ಅಚ್ಚು ಜರ್ಮನಿಗೆ ಹೋಗಿ ಪ್ಲೇಟಾಗಬೇಕಿತ್ತು. ಅಲ್ಲಿನವರಿಗೆ ಗುರುತು ಸಿಗಲಿ ಅಂತ ಹಾಡು ಮುಗಿಸಿ ನನ್ನ ಹೆಸರು ಗೌಹರ್ ಜಾನ್ ಅಂತ ಇಂಗ್ಲಿಷಿನಲ್ಲಿ ಸಾರುತ್ತಿದ್ದರು. ಕೊನೆಗೆ 1928ರಲ್ಲಿ ನಮ್ಮ ಮೈಸೂರು ಅರಮನೆಯ ಆಶ್ರಯಕ್ಕೆ ಬಂದರು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಆ ದನಿ ಈಗಲೂ ತನ್ನ ಹೆಸರು ತಾನೇ ಹೇಳ್ತಾ ಇದೆ. ಆ ಕಾಲದ ಪ್ಲೇಟು ಆಗುತ್ತಿದ್ದದ್ದು ಅರಗಿನಿಂದ. ಆ ಅರಗನ್ನು ಛೋಟಾ ನಾಗಪುರದ ಕಾಡಿನಲ್ಲಿ ಕೊಂಬೆಯಿಂದ ಬಿಡಿಸಿದವರು ಆದಿವಾಸಿಗಳು. ಪ್ಲೇಟಿನ ಮೇಲೆ ಅವರ ಹೆಸರಿಲ್ಲ.

1946ರಲ್ಲಿ ಬಾಬಾಸಾಹೇಬರು ಕರಿಯರ ನಾಯಕ ಡುಬಾಯ್ಸ್ ಅವರಿಗೆ ಕಾಗದ ಬರೆದರು. ಕರಿಯರು ವಿಶ್ವಸಂಸ್ಥೆಗೆ ಕೊಟ್ಟ ಮನವಿಯ ಪ್ರತಿ ಕೇಳಿದರು. ಅವರ ಕಾಗದಪತ್ರ ನಮಗೂ ಪಾಠ ಅಂತ ಅವರಿಗೆ ಗೊತ್ತಿತ್ತು. ನಾವೂ ಒಂದು ಪಾಠ ಕಲಿಯೋಣ. ಬೋಲ್ಡನ್ ಬಗ್ಗೆ 1978ರಲ್ಲಿ ಪುಸ್ತಕ ತಂದ ಡೊನಾಲ್ಡ್ ಮಾರ್ಕ್ವಿಸ್ ಏನು ಮಾಡಿದರು? ಊರಿನ ವಿಳಾಸ ಪಟ್ಟಿ, ಪೊಲೀಸು ದಾಖಲೆ, ಆಸ್ಪತ್ರೆ ದಾಖಲೆ ತಿರುವಿದರು. ಮುದುಕರನ್ನ ಕೂರಿಸಿ ಕೇಳಿದರು. ದಂತಕತೆಯನ್ನ ಮತ್ತೆ ಮನುಷ್ಯನನ್ನಾಗಿ ಮಾಡಿದರು.

ನಮ್ಮ ಕೇರಿಯಲ್ಲೂ ದಾಖಲೆ ಉಂಟು. ತೋಟಿ ಇನಾಂತಿ ಜಮೀನಿನ ಕಡತ ಉಂಟು, ಶಾಲೆಯ ದಾಖಲಾತಿ ಪುಸ್ತಕ ಉಂಟು. ಎಲ್ಲಕ್ಕಿಂತ ದೊಡ್ಡ ದಾಖಲೆ ಜಗಲಿ ಮೇಲೆ ಕೂತು ಕೆಮ್ಮುತಾ ಇದೆ. ಅದು ಕಾಯಲ್ಲ.

ರಜಕ್ಕೆ ಊರಿಗೆ ಹೋದಾಗ ಒಂದು ಕೆಲಸ ಮಾಡಿ. ಜೇಬಲ್ಲಿ ಮೊಬೈಲು ಇದೆ. ತಾತನನ್ನ, ದೊಡ್ಡಪ್ಪನನ್ನ ಕೇಳಿ, ಒಪ್ಪಿದರೆ ಬಾರಿಸಲಿ. ದೇವರಿಗೆ ಯಾವ ಗತ್ತು, ಹೆಣಕ್ಕೆ ಯಾವ ಗತ್ತು, ಮದುವೆಗೆ ಯಾವುದು, ಯಾರು ಕಲಿಸಿದರು, ಕೂಲಿ ಏನು ಕೊಟ್ಟರು, ಏನು ಕೊಡಲಿಲ್ಲ, ಎಲ್ಲಾ ಕೇಳಿ ನೋಟ್ ಬುಕ್ಕಿನಲ್ಲಿ ಬರೀರಿ. ಊರು, ತಾರೀಖು ಹಾಕಿ. ಬಾರಿಸಿ ಮುಗಿದ ಮೇಲೆ ಮೊಬೈಲು ಆರಿಸಬೇಡಿ. ಅವರ ಬಾಯಿಂದಲೇ ಅವರ ಹೆಸರು ಹೇಳಿಸಿ.

ಆಮೇಲೆ ಯಾರಾದರೂ ನಿಮ್ಮಪ್ಪ ಏನು ಮಾಡ್ತಾರೆ ಅಂತ ಕೇಳಿದರೆ, ಕೈ ಎತ್ತೋಣ.

ಜೈ ಭೀಮ್.